ಖಂಡೆ ಪೂಜೆಗೆ ಕೂತ ಪಿಸ್ತೂಲು

ಹೋದ ವರ್ಷದ ದಸರಾ ಹಬ್ಬವನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ. ಅದನ್ನು ಹೇಳುವ ಮೊದಲು ನನ್ನ ಹುಚ್ಚಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಇಲ್ಲದಿದ್ದರೆ ದ್ರಾಕ್ಷಿ ತೋಟದ ಮನೆಯ ಸೊಸೆಯ ಕೈಗೆ ಪಿಸ್ತೂಲು ಯಾಕೆ ಬಂತು ಎಂದು ನೀವು ಗಾಬರಿಯಾಗುತ್ತೀರಿ.

ನನ್ನ ತವರು ಏಕಸಂಬಿ. ಚಿಕ್ಕೋಡಿಯಲ್ಲಿ ಕಾಲೇಜು ಓದುವಾಗ ಎನ್‌ಸಿಸಿ ಸೇರಿದ್ದೆ. ಅಲ್ಲಿ ಮೊದಲ ಸಲ ಗುರಿ ಹೊಡೆಯಲು ಕೊಟ್ಟ ದಿನ ನನ್ನ ಗುಂಡುಗಳೆಲ್ಲ ಒಂದೇ ಕಡೆ ಗುಂಪಾಗಿ ಬಿದ್ದವು. ಅವತ್ತು ಹತ್ತಿದ ಹುಚ್ಚು ಅದು. ಆದರೆ ಮದುವೆಯಾಗಿ ಕಾಗವಾಡದ ಹತ್ತಿರದ ಹಳ್ಳಿಗೆ ಬಂದ ಮೇಲೆ ಗುರಿಯೂ ಇಲ್ಲ, ಗುಂಡೂ ಇಲ್ಲ. ದ್ರಾಕ್ಷಿ, ಕಬ್ಬು, ಎಮ್ಮೆ, ರೊಟ್ಟಿ, ಇಷ್ಟೇ. ಬೇಸರವಾಗಿತ್ತು ಎಂದು ಸುಳ್ಳು ಯಾಕೆ ಹೇಳಲಿ, ಮರೆತೇ ಬಿಟ್ಟಿದ್ದೆ.

ಒಂದು ದಿನ ಅತ್ತೆಯ ಕಣ್ಣು ತೋರಿಸಲು ಮಿರಜಕ್ಕೆ ಹೋಗಿದ್ದೆವು. ನಮ್ಮ ಕಡೆಯವರಿಗೆ ಕಣ್ಣು, ಹಲ್ಲು, ಹೆರಿಗೆ ಎಲ್ಲದಕ್ಕೂ ಮಿರಜವೇ. ಡಾಕ್ಟರು ಅತ್ತೆಯ ಕಣ್ಣಿಗೆ ಔಷಧ ಹಾಕಿ, ಮುಚ್ಚಿಕೊಂಡು ಕೂತಿರಿ ಎಂದು ಹೇಳಿದ್ದರು. ನಾನು ಚಹಾ ತರಲು ಹೊರಗೆ ಬಂದರೆ ಎದುರಿನ ಓಣಿಯಲ್ಲಿ ಏರ್ ಪಿಸ್ತೂಲು ಕಲಿಸುತ್ತೇವೆ ಎಂಬ ಬೋರ್ಡು ಕಂಡಿತು. ಕಾಲು ತಾನೇ ಆ ಕಡೆ ತಿರುಗಿತು. ಸೈನ್ಯದಿಂದ ನಿವೃತ್ತರಾಗಿ ಬಂದ ಶಿಂದೆ ಸರ್ ಅದನ್ನು ನಡೆಸುತ್ತಿದ್ದರು. ಮನೆಮಾತು ಮರಾಠಿ, ಆದರೆ ಕನ್ನಡವನ್ನೂ ತಮ್ಮದೇ ಧಾಟಿಯಲ್ಲಿ ಆಡುತ್ತಾರೆ. "ಏಕದಾ ಹೊಡದ ನೋಡ್ರಿ ತಾಯಿ," ಎಂದು ಕೈಗೆ ಕೊಟ್ಟರು. ಹೊಡೆದೆ. ಗುರಿಯ ಕಾರ್ಡು ನೋಡಿ, "ಅರೇ ಬಾಪರೇ, ಹಿಂದ ಯಾವಾಗರ ಹೊಡದೀರೇನು?" ಎಂದರು. ಅಲ್ಲಿಂದ ವಾರಕ್ಕೆರಡು ಸಲ ನಾನು ಮಿರಜದ ಬಸ್ಸು ಹತ್ತುವುದು ಶುರುವಾಯಿತು. ಚಹಾ ಬರಲಿಲ್ಲ ಎಂದು ಅತ್ತೆ ಅವತ್ತು ಬೈದದ್ದು ಬೇರೆ ಮಾತು.

ಅತ್ತೆಯ ಹೆಸರು ಗಂಗವ್ವ. ಮಾವನವರು ತೀರಿಕೊಂಡ ಮೇಲೆ ತೋಟವನ್ನು ತಾವೇ ನಿಂತು ಬೆಳೆಸಿದವರು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ದೇವರು, ಹಬ್ಬ, ಮಡಿ ಎಂದರೆ ಒಂದು ಕೂದಲಷ್ಟೂ ಆಚೀಚೆ ಆಗುವಂತಿಲ್ಲ. ನಾನು ಪಿಸ್ತೂಲು ಕಲಿಯಲು ಹೋಗುತ್ತೇನೆ ಎಂದಾಗ ಮೊದಲು ನಕ್ಕರು, ಆಮೇಲೆ ಸಿಟ್ಟಾದರು, ಕೊನೆಗೆ ಒಂದು ದಿನ ಕರೆದು ಕೂರಿಸಿಕೊಂಡು ಹೇಳಿದರು:

"ನೋಡ ಸವಿತಾ, ಈ ವರ್ಷ ಹೋಗಿ ಬಾ. ರಾಜ್ಯದಾಗ ಹೊಡದು ಮುಂದ ಹ್ವಾದಿ ಅಂದ್ರ ನಾ ತುಟಿ ಪಿಟಕ್ ಅನ್ನೂದಿಲ್ಲ. ಇಲ್ಲಾಂದ್ರ ಅದನ್ನ ಅಟ್ಟದ ಮ್ಯಾಲ ಇಟ್ಟು ತ್ವಾಟಾ ನೋಡ್ಕೊಂತ ಇರಬೇಕು. ಕಬೂಲೇನು?"

"ಕಬೂಲ್ರಿ ಅತ್ತೀ," ಎಂದೆ. ರಾಜ್ಯಮಟ್ಟದ ಸ್ಪರ್ಧೆಯಲ್ಲಿ ಇಷ್ಟು ಅಂಕ ಬಂದರೆ ಮುಂದಿನ ಹಂತಕ್ಕೆ ಹೋಗಬಹುದು ಎಂದು ಒಂದು ಗೆರೆ ಇರುತ್ತದೆ. ಆ ಗೆರೆ ದಾಟಿದರೆ ನನ್ನ ಹುಚ್ಚು ಉಳಿಯಿತು, ಇಲ್ಲದಿದ್ದರೆ ಮುಗಿಯಿತು. ಲೆಕ್ಕ ಅಷ್ಟು ನೇರ.

ಆವರೆಗೆ ಸರ್ ಇಟ್ಟಿದ್ದ ಪಿಸ್ತೂಲಿನಲ್ಲೇ ಹೊಡೆಯುತ್ತಿದ್ದೆ. ಸ್ಪರ್ಧೆಗೆ ನನ್ನದೇ ಒಂದು ಬೇಕು ಎಂದು ಸರ್ ಹೇಳಿದರು. ಅವರ ಹತ್ತಿರ ಆಗ ಎರಡು ಬಂದಿದ್ದವು, ಎರಡೂ ಬೇರೆಯವರು ಬಳಸಿ ಬಿಟ್ಟಿದ್ದವು. ಒಂದರ ಟ್ರಿಗರ್ ಮೆಕ್ಯಾನಿಕಲ್, ಇನ್ನೊಂದರದು ಎಲೆಕ್ಟ್ರಾನಿಕ್. "ಎರಡೂ ಮನಿಗೆ ಒಯ್ಯಿರಿ. ಯಾವದು ಕೈಗೆ ಒಗ್ಗತೈತಿ ಅದನ್ನ ಇಟ್ಕೋರಿ, ಇನ್ನೊಂದ ತಂದ ಕೊಡ್ರಿ," ಎಂದರು. ಯಾವುದು ಒಳ್ಳೆಯದು ಹೇಳಿ ಸರ್ ಎಂದು ದುಂಬಾಲು ಬಿದ್ದೆ. "ಬಘಾ ತಾಯಿ, ಟ್ರಿಗರ್ ಕಾಹೀ ಕರತ ನಾಹೀ, ಏನೂ ಮಾಡೂದಿಲ್ಲ. ಎಲ್ಲಾ ಮಾಡೂದು ಬೆರಳ," ಎಂದು ಕೈ ತೊಳೆದುಕೊಂಡರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೆಕ್ಯಾನಿಕಲ್ ಟ್ರಿಗರಿನ ಒಳಗೆ ಉಕ್ಕಿನ ಸಣ್ಣ ಕೊಂಡಿ ಇರುತ್ತದೆ. ಬೆರಳಿನಿಂದ ಒತ್ತುತ್ತ ಹೋದರೆ ಆ ಕೊಂಡಿ ಕಳಚಿ ಗುಂಡು ಹಾರುತ್ತದೆ. ಕಳಚುವ ಮೊದಲು ಅದು ತುಸು ಜಾರುವುದು ಬೆರಳಿಗೆ ತಿಳಿಯುತ್ತದೆ. ಎಲೆಕ್ಟ್ರಾನಿಕ್‌ನಲ್ಲಿ ಕೊಂಡಿಯ ಜಾಗದಲ್ಲಿ ಸ್ವಿಚ್ಚು, ಬ್ಯಾಟರಿ. ಬೇಕಾದಷ್ಟು ಒತ್ತಿತು ಎನ್ನುವಷ್ಟರಲ್ಲಿ ಗುಂಡು ಹೋಗಿಯೇ ಬಿಟ್ಟಿರುತ್ತದೆ. ಎಳೆತವಿಲ್ಲ, ಜಾರುವುದಿಲ್ಲ, ಚಳಿಗೂ ಬಿಸಿಲಿಗೂ ಅಷ್ಟೇ. ಆದರೆ ಬ್ಯಾಟರಿ ಸತ್ತರೆ ಅದೂ ಸತ್ತಂತೆ. ಸ್ಪರ್ಧೆಯಲ್ಲಿ ಎರಡಕ್ಕೂ ಅನುಮತಿ ಇದೆ, ಟ್ರಿಗರ್ ಅರ್ಧ ಕಿಲೋ ತೂಕ ತಡೆದು ಹಿಡಿದರೆ ಸಾಕು.

ಮನೆಯಲ್ಲಿ ಗುಂಡು ಹಾಕದೆ, ಗೋಡೆಯ ಮೇಲೆ ಒಂದು ಕಪ್ಪು ಚುಕ್ಕೆ ಅಂಟಿಸಿಕೊಂಡು, ಬರೀ ಟ್ರಿಗರ್ ಒತ್ತುವ ಅಭ್ಯಾಸ ಮಾಡುತ್ತಿದ್ದೆ. ಮೆಕ್ಯಾನಿಕಲ್ ಆದರೆ ಪ್ರತಿ ಸಲ ಸಣ್ಣ ಸನ್ನೆಕೋಲು ಎಳೆದು ಸಜ್ಜು ಮಾಡಬೇಕು, ಎಲೆಕ್ಟ್ರಾನಿಕ್ ಆದರೆ ಒತ್ತುತ್ತಲೇ ಇರಬಹುದು. ಸಂಜೆ ಅಡುಗೆ ಮನೆಯಿಂದ ಅತ್ತೆ ಕೂಗುತ್ತಿದ್ದರು, "ಏನ ಬೇ ಅದು, ಇಲಿ ಕಪಾಟ ಕಡದಂಗ ಟಕ್ ಟಕ್!" ಒಂದು ದಿನ ತಾವೇ ಬಂದು ಎರಡನ್ನೂ ಕೈಯಲ್ಲಿ ಹಿಡಿದು ನೋಡಿದರು. "ಇಷ್ಟs? ನಮ್ಮ ಕೊಡ್ಲಿ ಇದಕ್ಕಿಂತ ಭಾರ ಐತಿ," ಎಂದು ಇಟ್ಟು ಹೋದರು.

ನಮ್ಮವರದು ಖಡಾಖಂಡಿತ ಮೆಕ್ಯಾನಿಕಲ್ ಪಕ್ಷ. ತೋಟಕ್ಕೆ ತಾನೇ ನೀರು ಬಿಡುವ ಟೈಮರ್ ಹಾಕಿಸಿದ್ದರು. ಅದು ಒಮ್ಮೆ ಕೈಕೊಟ್ಟು ಇಡೀ ತೋಟ ಒಣಗುವ ಹಂತಕ್ಕೆ ಬಂದಿತ್ತು. ಆ ಸಿಟ್ಟು ಇನ್ನೂ ಆರಿರಲಿಲ್ಲ. "ಕೈಲೆ ತಿರುವೂ ವಾಲ್ ಯಾವಾಗರ ಕೈ ಬಿಟ್ಟೈತೇನ ನಮ್ಮನ್ನ? ಬ್ಯಾಟರೀದು ನಂಬಿ ಅಷ್ಟ ದೂರ ಹೊಂಟೀಯಲ್ಲ, ಅಲ್ಲಿ ಹೋಗಿ ಅದು ಮಕ್ಕೊಂಡ್ರ ಏನ ಮಾಡ್ತಿ?" ಎಂದು ಊಟಕ್ಕೆ ಕೂತಾಗಲೆಲ್ಲ ಶುರು. ಮಾತು ಪೂರ್ತಿ ತಪ್ಪೂ ಅಲ್ಲ. ನಾನೂ ದಿನಕ್ಕೊಂದು ಮನಸ್ಸು ಮಾಡುತ್ತಿದ್ದೆ.

ಅಷ್ಟರಲ್ಲಿ ಚಾಟ್ನಿ ಬಂತು. ದ್ರಾಕ್ಷಿ ಬಳ್ಳಿಯ ಕಡ್ಡಿ ಕತ್ತರಿಸುವುದಕ್ಕೆ ನಾವು ಚಾಟ್ನಿ ಅನ್ನುತ್ತೇವೆ. ದಸರೆಯ ಹೊತ್ತಿಗೆ ನಡೆಯುವ ಚಾಟ್ನಿಯ ಮೇಲೆಯೇ ಆ ವರ್ಷದ ಹಣ್ಣು. ಮನೆಯವರು ಯಾರೂ ಸುಮ್ಮನೆ ಕೂರುವಂತಿಲ್ಲ, ಬೆಳಗಿನಿಂದ ಸಂಜೆವರೆಗೆ ಕೈಯಲ್ಲಿ ಕತ್ತರಿ. ಆ ಕತ್ತರಿಯನ್ನು ಐದೂ ಬೆರಳು ಸೇರಿಸಿ ಹಿಚುಕಬೇಕು. ಪಿಸ್ತೂಲಿಗೆ ಬೇಕಾದದ್ದು ಇದಕ್ಕೆ ಪೂರಾ ಉಲ್ಟಾ. ಉಳಿದ ಕೈ ಕಲ್ಲಿನ ಹಾಗಿದ್ದು ತೋರು ಬೆರಳೊಂದೇ ಕದಲಬೇಕು. ದಿನವಿಡೀ ಕಡ್ಡಿ ಕತ್ತರಿಸಿ ಬಂದು ಸಂಜೆ ಪಿಸ್ತೂಲು ಹಿಡಿದರೆ ಕೈ ತನಗೆ ತಿಳಿಯದೆಯೇ ಮುಷ್ಟಿ ಹಿಚುಕಿಬಿಡುತ್ತಿತ್ತು. ಮೆಕ್ಯಾನಿಕಲ್‌ನಲ್ಲಿ ಕೊಂಡಿ ಜಾರುವ ಆ ಒಂದು ಕ್ಷಣ ಸಾಕು, ನನ್ನ ಕೈ ಹಾಳು ಮಾಡಲು. ಎಲೆಕ್ಟ್ರಾನಿಕ್‌ನಲ್ಲಿ ಅಷ್ಟು ಹೊತ್ತೇ ಇರುತ್ತಿರಲಿಲ್ಲ. ಮಿರಜದಲ್ಲಿ ಎರಡರಲ್ಲೂ ಹೊಡೆದು ನೋಡಿದೆ. ಎಲೆಕ್ಟ್ರಾನಿಕ್‌ನಲ್ಲಿ ಪ್ರತಿ ಸಲ ಮುಂದೆ.

ಹಬ್ಬದ ಎರಡು ದಿನ ಮೊದಲು ಊಟಕ್ಕೆ ಕೂತಾಗ ಹೇಳಿಬಿಟ್ಟೆ, "ನಂದು ನಿರ್ಧಾರ ಆತ್ರಿ. ಬ್ಯಾಟರೀದs ಒಯ್ತೀನಿ. ಚಾಟ್ನಿ ಮಾಡಿದ ಕೈಗೆ ಇನ್ನೊಂದು ಒಗ್ಗವಲ್ದು." ನಮ್ಮವರು ಮುಖ ಸಿಂಡರಿಸಿದರು. ಅತ್ತೆ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಅವರು ಕಿವಿಗೊಟ್ಟು ಕೇಳಿದ್ದರು ಎಂಬುದು ನನಗೆ ಆಗ ಗೊತ್ತಾಗಲಿಲ್ಲ.

ಇನ್ನು ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ಮಾತು. ನವಮಿಯ ದಿನ ನಮಗೆ ಅನ್ನ ಕೊಡುವ ಕಬ್ಬಿಣವನ್ನೆಲ್ಲ ದೇವರ ಜಗಲಿಯ ಮುಂದೆ ಕಂಬಳಿ ಹಾಸಿ ಸಾಲಾಗಿ ಇಡುತ್ತೇವೆ. ಚಾಟ್ನಿ ಕತ್ತರಿ, ಕುಡುಗೋಲು, ಕೊಡಲಿ, ಟ್ರ್ಯಾಕ್ಟರಿನ ನಟ್ಟು ಬಿಚ್ಚುವ ಪಾನಾ, ಎಲ್ಲಕ್ಕೂ ಕುಂಕುಮ, ಅರಿಶಿನದ ಭಂಡಾರ, ಚೆಂಡುಹೂವು. ನಮ್ಮ ಮನೆಯ ಪದ್ಧತಿ ಎಂದರೆ, ಒಮ್ಮೆ ಅಲ್ಲಿ ಕೂತದ್ದು ಮರುದಿನ ಸಂಜೆ ಬನ್ನಿ ಎಲೆ ಕೊಟ್ಟು ತಗೊಂಡು ಆಗುವ ತನಕ ಏಳಬಾರದು. ಯಾರೂ ಮುಟ್ಟುವಂತಿಲ್ಲ. ಒಂದು ವರ್ಷ ನಾದಿನಿಯ ಗಂಡ ತನ್ನ ಮೋಟಾರ್ ಸೈಕಲ್ಲಿನ ಕೀಲಿಯನ್ನು ಭಕ್ತಿಯಿಂದ ಅಲ್ಲಿಟ್ಟು, ರಾತ್ರಿ ಊರಿಗೆ ಹೊರಟು ನಿಂತ. ಅತ್ತೆ ಕೀಲಿ ಕೊಡಲಿಲ್ಲ. ಅಳಿಯ ದೇವರು ರಾಯಬಾಗದ ಬಸ್ಸು ಹುಡುಕಿಕೊಂಡು ಹೋಗಿ, ಎರಡು ದಿನ ಬಿಟ್ಟು ಬಂದು ಗಾಡಿ ಒಯ್ದ. ಇವತ್ತಿಗೂ ಅದನ್ನು ನೆನೆಸಿ ನಗುತ್ತೇವೆ, ಅತ್ತೆ ಒಬ್ಬರನ್ನು ಬಿಟ್ಟು.

ಆ ವರ್ಷ ಸ್ಪರ್ಧೆ ದಸರೆಯ ಮರುದಿನವೇ ಬಂದಿತ್ತು, ಬೆಂಗಳೂರಿನಲ್ಲಿ. ಶಿಂದೆ ಸರ್ ರಾತ್ರಿ ಕಾರು ಓಡಿಸುವುದಿಲ್ಲ. ಹಾಗಾಗಿ ದಶಮಿಯ ಬೆಳಿಗ್ಗೆಯೇ ಮಿರಜದಿಂದ ಹೊರಟು ಕಾಗವಾಡದಲ್ಲಿ ನನ್ನನ್ನು ಹತ್ತಿಸಿಕೊಳ್ಳುವುದು ಎಂದು ಮಾತಾಗಿತ್ತು. ನವಮಿಯ ಸಂಜೆ ಹೋಳಿಗೆ ಊಟ ಮುಗಿಸಿ ಚೀಲ ತುಂಬುತ್ತಿದ್ದೆ. ಪಿಸ್ತೂಲಿನ ಪೆಟ್ಟಿಗೆ ಎತ್ತಿದರೆ ಹಗುರ. ತೆಗೆದು ನೋಡಿದರೆ ಮೆಕ್ಯಾನಿಕಲ್ ಒಂದೇ ಇದೆ.

ದೇವರ ಜಗಲಿಗೆ ಓಡಿದೆ. ಕತ್ತರಿಗೂ ಕುಡುಗೋಲಿಗೂ ನಡುವೆ, ಎಲ್ಲಕ್ಕಿಂತ ಮುಂದೆ, ನನ್ನ ಎಲೆಕ್ಟ್ರಾನಿಕ್ ಪಿಸ್ತೂಲು ಕೂತಿತ್ತು. ನಳಿಗೆಯ ಮೇಲೆ ಕುಂಕುಮ, ಹಿಡಿಕೆಗೆ ಚೆಂಡುಹೂವಿನ ಸರ. ಅತ್ತೆ ಪಕ್ಕದಲ್ಲಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ನನ್ನನ್ನು ನೋಡಿ ಮುಖ ಅರಳಿಸಿದರು.

"ಉಳದದ್ದನ್ನೆಲ್ಲ ನೀರಾಗ ತೊಳದೆ, ಇದನ್ನ ತೊಳೀಲಿಲ್ಲ ಮತ್ತ. ಕರೆಂಟಿಂದು ಅಂತ ಒಣಾ ಅರಬೀಲೆ ಒರಸೀನಿ. ಇದs ಹೋಗೂದು ಅಂತ ನೀ ಅಂದಿದ್ದಿ ಅಲ್ಲ? ಹೋಗೂದಕ್ಕ ಪೂಜಿ ಬ್ಯಾಡೇನು?"

ಇಷ್ಟು ದಿನ ಇಲಿ, ಕಪಾಟು ಎಂದು ಬೈದವರು ಅವರೇ. ಅವರೇ ನನ್ನ ಪಿಸ್ತೂಲನ್ನು ಮನೆಗೆ ಅನ್ನ ಕೊಡುವ ಕತ್ತರಿಯ ಮುಂದೆ ಕೂರಿಸಿದ್ದರು. ಒಳಗೊಳಗೇ ಸಂತೋಷ ಉಕ್ಕಿತು. ಅದರ ಬೆನ್ನಿಗೇ ಸಿಟ್ಟೂ ನೆತ್ತಿಗೇರಿತು. "ಅತ್ತೀ, ನಾ ನಾಳೆ ಮುಂಜಾನೆ ಹೊಂಡಬೇಕಲ್ರಿ!" ಎಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು.

ಅವರ ಕೈಯಲ್ಲಿದ್ದ ಎಣ್ಣೆ ಬಟ್ಟಲು ಅಲ್ಲೇ ನಿಂತಿತು. "ನಾಳೆ ಮುಂಜಾನೆ? ಸ್ಪರ್ಧೆ ದಸರಾ ಮರದಿನ ಅಂದಿದ್ದಿ. ಬನ್ನಿ ತಗೊಂಡು ರಾತ್ರಿ ಬಸ್ಸಿಗೆ ಹೋಗ್ತಿ ಅಂತ ನಾ ತಿಳದಿದ್ದೆ." ಹೊರಡುವ ಹೊತ್ತನ್ನು ನಮ್ಮವರಿಗೆ ಹೇಳಿದ್ದೆ, ಅತ್ತೆಗೆ ಅವರು ಹೇಳಿರುತ್ತಾರೆ ಎಂದುಕೊಂಡಿದ್ದೆ. ನಮ್ಮವರು ನಾನು ಹೇಳಿರುತ್ತೇನೆ ಎಂದುಕೊಂಡಿದ್ದರು. ಮನೆಯಲ್ಲಿ ಯಾವಾಗಲೂ ಆಗುವ ಹಾಗೆ ಆಗಿತ್ತು. ಅತ್ತೆ ಒಮ್ಮೆ ಪಿಸ್ತೂಲನ್ನು, ಒಮ್ಮೆ ದೇವರನ್ನು, ಒಮ್ಮೆ ನನ್ನನ್ನು ನೋಡಿ, ಬಟ್ಟಲು ಕೆಳಗಿಟ್ಟು ಕೂತುಬಿಟ್ಟರು.

ನಮ್ಮವರು ನನ್ನನ್ನು ಅಂಗಳಕ್ಕೆ ಕರೆದು ಪಿಸುಗುಟ್ಟಿದರು, "ಹಿಂಗ ಮಾಡೂಣು. ಅವ್ವ ಮಲಗಲಿ. ಅದನ್ನ ತಗದು ಅಲ್ಲಿ ಡ್ರಿಲ್ ಮಷೀನ್ ಇಟ್ಟು ಮ್ಯಾಲ ಹೂವು ಮುಚ್ಚೂಣು. ಕಣ್ಣ ಮೊದಲs ಮಂದ ಅದಾವ."

"ನಾಚಿಕಿ ಬರ್ತೈತೇನ್ರಿ ನಿಮಗ?" ಎಂದೆ. ನಗುವೂ ಬಂತು, ಅಳುವೂ ಬಂತು. ಅಷ್ಟು ಪ್ರೀತಿಯಿಂದ ಇಟ್ಟದ್ದನ್ನು ಕದ್ದು ಒಯ್ದು ಗುರಿ ಹೊಡೆಯುವ ಮನಸ್ಸು ನನಗೆ ಬರಲಿಲ್ಲ. ಮೆಕ್ಯಾನಿಕಲ್ ಇದೆಯಲ್ಲ, ಬಂದದ್ದು ಬರಲಿ, ಅದರಲ್ಲೇ ಹೊಡೆಯುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿ ಮಲಗಿದೆ.

ನಸುಕಿನಲ್ಲಿ ಎದ್ದು ಬರುವಷ್ಟರಲ್ಲಿ ಅತ್ತೆಯ ಸ್ನಾನ ಆಗಿತ್ತು. ತಲೆಯ ಮೇಲೆ ಸೆರಗು ಹೊದ್ದು ಜಗಲಿಯ ಮುಂದೆ ನಿಂತಿದ್ದರು. ಕಾಯಿ ಒಡೆದಿದ್ದರು. ನಾನು ಬಾಗಿಲಲ್ಲೇ ನಿಂತೆ. ಅವರು ಬಗ್ಗಿ, ಕೂಸನ್ನು ಎತ್ತುವ ಹಾಗೆ ಎರಡೂ ಕೈಯಿಂದ ಪಿಸ್ತೂಲನ್ನು ಎತ್ತಿದರು. "ಯಪ್ಪಾ ದೇವರೇ, ಇಟ್ಟಾಕಿ ನಾ, ಎತ್ತಾಕತ್ತಾಕಿನೂ ನಾನs. ಹುಡುಗಿ ಮ್ಯಾಲ ಹಾಕಬ್ಯಾಡ," ಎಂದರು.

"ಬ್ಯಾಡ್ರಿ ಅತ್ತೀ," ಎಂದು ಮುಂದೆ ಬಂದೆ. "ಇನ್ನೊಂದು ಐತಲ್ರಿ, ಅದರಾಗs ಹೊಡೀತೀನಿ. ನಿಮ್ಮ ಪದ್ಧತಿ ಮುರೀಬ್ಯಾಡ್ರಿ."

"ಸುಮ್ನಿರು. ಕೈಗೆ ಒಗ್ಗಲಾರದ ಕತ್ತರಿ ಕೊಟ್ಟು ಆಳ ತ್ವಾಟಕ್ಕ ಕಳಸ್ತೀನೇನ ನಾನು? ತಗೋ. ದೇವರ ಜೋಡಿ ನಾ ಮಾತಾಡ್ಕೊಂತೀನಿ."

ಅಳಿಯನಿಗೆ ಒಂದು ಕೀಲಿ ಕೊಡದ ಹೆಂಗಸು ಅವರು. ಕಾಲಿಗೆ ಬಿದ್ದೆ. ಪಿಸ್ತೂಲನ್ನು ಪೆಟ್ಟಿಗೆಯಲ್ಲಿ ಇನ್ನೊಂದರ ಪಕ್ಕ ಇಟ್ಟುಕೊಂಡು ನಮ್ಮವರ ಗಾಡಿಯ ಹಿಂದೆ ಕೂತು ಕಾಗವಾಡಕ್ಕೆ ಹೋದೆ. ಅಲ್ಲಿ ಸರ್ ಕಾರು ಹತ್ತಿದೆ.

ಕಾರಿನಲ್ಲಿ ಕೂತು ಯೋಚಿಸಿದಷ್ಟೂ ಭಯ ಹೆಚ್ಚಾಯಿತು. ಆವರೆಗೆ ಸೋತರೆ ಏನು ಎಂದರೆ ಪಿಸ್ತೂಲು ಅಟ್ಟಕ್ಕೆ, ನಾನು ತೋಟಕ್ಕೆ, ಅಷ್ಟೇ ಇತ್ತು. ಈಗ ಹಾಗಲ್ಲ. ನಾನು ಸೋತರೆ ಅತ್ತೆ ಸಾಯುವ ತನಕ ಅಂದುಕೊಳ್ಳುತ್ತಾರೆ, ನಾನು ಖಂಡೆ ಎತ್ತಿದೆ, ಅದಕ್ಕೇ ಹುಡುಗಿ ಸೋತಳು ಎಂದು. ಮೆಕ್ಯಾನಿಕಲ್‌ನಲ್ಲಿ ಹೊಡೆದು ಸೋತರೆ? ಆಗಲೂ ತಮ್ಮದೇ ತಪ್ಪು ಎಂದುಕೊಳ್ಳುತ್ತಾರೆ, ನಾನು ಇನ್ನೊಂದನ್ನು ಪೂಜೆಗಿಟ್ಟು ಅವಳ ಮನಸ್ಸು ಕೆಡಿಸಿದೆ ಎಂದು. ಯಾವುದನ್ನು ಹಿಡಿದರೂ ಭಾರ ಅವರ ಮೇಲೆಯೇ. ಉಳಿದ ದಾರಿ ಒಂದೇ, ಗೆರೆ ದಾಟಬೇಕು. ಮಧ್ಯಾಹ್ನ ಊಟಕ್ಕೆ ನಿಲ್ಲಿಸಿದಾಗ ಸರ್‌ಗೆ ಎಲ್ಲ ಹೇಳಿದೆ. ಅವರು, "ಎಲೆಕ್ಟ್ರಾನಿಕ್‌ದಾಗs ಹೊಡೀರಿ. ಆಯಿ, ನಿಮ್ಮ ಅತ್ತೀನs ಎತ್ತಿ ಕೊಟ್ಟಾರ ಅಂದ ಮ್ಯಾಲ ಮುಗೀತು," ಎಂದರು.

ಮರುದಿನ ಸ್ಪರ್ಧೆಗೆ ಮೊದಲು ಪಿಸ್ತೂಲು ತಪಾಸಣೆ. ಟ್ರಿಗರಿಗೆ ತೂಕ ತೂಗು ಹಾಕಿ ನೋಡುವ ಅಧಿಕಾರಿ ಕನ್ನಡಕ ಸರಿಸಿಕೊಂಡು, "ಇದೇನಮ್ಮ, ಕೆಂಪಗೆ?" ಎಂದರು. "ಖಂಡೆ ಪೂಜೆ ಸರ್, ಕುಂಕುಮ," ಎಂದೆ. ಅವರು ನಕ್ಕು, "ನಮ್ಮನೇಲೂ ಕಾರಿಗೆ, ಮಿಕ್ಸಿಗೆ ಎಲ್ಲಾ ಹಚ್ಚಿದಾರೆ. ಟ್ರಿಗರ್ ಹತ್ರ ಮಾತ್ರ ಒರೆಸಿಕೊಂಡುಬಿಡಿ," ಎಂದರು. ಒರೆಸಿದೆ. ತೂಕ ಸರಿಯಾಗಿ ನಿಂತಿತು. ನಮ್ಮವರು ಹೆದರಿಸಿದ್ದ ಬ್ಯಾಟರಿಯೂ ತುಂಬಿತ್ತು.

ಗುರಿಯ ಮುಂದೆ ನಿಂತಾಗ ಮಾತ್ರ ನನ್ನ ಬೆರಳು ಮರಗಟ್ಟಿತು. ಕೈ ಎತ್ತುವುದು, ಒತ್ತಲಾಗದೆ ಇಳಿಸುವುದು. ಮತ್ತೆ ಎತ್ತುವುದು, ಮತ್ತೆ ಇಳಿಸುವುದು. ಗುರಿಯ ಕಪ್ಪು ಚುಕ್ಕೆಯ ಬದಲು ಜಗಲಿಯ ಮುಂದೆ ಬಗ್ಗಿದ ಅತ್ತೆಯೇ ಕಾಣುತ್ತಿದ್ದರು. ಮೊದಲ ಹತ್ತು ಗುಂಡು ತೀರಾ ಕೆಟ್ಟದಾಗಿ ಹೋದವು. ಪಿಸ್ತೂಲನ್ನು ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿ ನಿಂತೆ. ಅತ್ತೆಗಾಗಿ ಹೊಡೆಯುತ್ತೇನೆ ಎಂದು ನಾನು ಹೊರಟರೆ ಎಲ್ಲ ಗುಂಡೂ ಹೀಗೇ ಹೋಗುತ್ತವೆ, ಅವರು ಕೊಟ್ಟದ್ದು ಪಿಸ್ತೂಲು, ಭಾರವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನೀರು ಕುಡಿದೆ. ಮತ್ತೆ ಎತ್ತಿದೆ. ಆಮೇಲೆ ಕೈ ಮಾತು ಕೇಳಿತು. ಹತ್ತು, ಒಂಬತ್ತು, ಹತ್ತು, ಹತ್ತು. ಹಾಗೆ ಹೊಡೆದದ್ದು ನನಗೆ ಅದೇ ಮೊದಲು. ಹಿಂದೆ ಕೂತ ಸರ್ ಕುರ್ಚಿಯ ತುದಿಗೆ ಬಂದಿದ್ದರು.

ಕೊನೆಯ ಹತ್ತು ಗುಂಡು ಉಳಿದಾಗ ಲೆಕ್ಕ ಹಾಕಬಾರದು ಎಂದರೂ ಲೆಕ್ಕ ಬಂತು. ಹೀಗೇ ಹೋದರೆ ಗೆರೆ ದಾಟುತ್ತೇನೆ. ಆದರೆ ತೋಳು ಸೋತಿತ್ತು. ಹಬ್ಬದ ಹಿಂದಿನ ದಿನದವರೆಗೂ ಕಡ್ಡಿ ಕತ್ತರಿಸಿದ ಕೈ ಅದು. ಕೊನೆಗೆ ಎರಡು ಸಲ, ಬೆರಳೊಂದೇ ಒತ್ತುವ ಬದಲು ಇಡೀ ಮುಷ್ಟಿ ಹಿಚುಕಿಬಿಟ್ಟಿತು, ಬಳ್ಳಿಯ ಕಡ್ಡಿ ಕತ್ತರಿಸುವ ಹಾಗೆ. ಎಂಟು. ಮತ್ತೆ ಎಂಟು. ಮುಗಿದ ಮೇಲೆ ಪರದೆಯ ಮೇಲೆ ಮೊತ್ತ ಬಂತು. ಗೆರೆಗಿಂತ ಎರಡು ಅಂಕ ಕಡಿಮೆ.

ಸರ್ ಬಂದು ಬೆನ್ನು ತಟ್ಟಿದರು. "ಮೆಕ್ಯಾನಿಕಲ್ ಇದ್ದಿದ್ರ ಅಷ್ಟೂ ಬರತಿರಲಿಲ್ಲ ತಾಯಿ," ಎಂದರು. ಅದು ನಿಜ, ಆದರೆ ಅದನ್ನು ಕಟ್ಟಿಕೊಂಡು ನಾನೇನು ಮಾಡಲಿ? ಹೊರಗೆ ಬಂದು ಬೇವಿನ ಗಿಡದ ಕೆಳಗೆ ಕೂತೆ. ಮನೆಗೆ ಫೋನ್ ಮಾಡಲು ಧೈರ್ಯ ಸಾಲಲಿಲ್ಲ. ಅಷ್ಟರಲ್ಲಿ ಅದೇ ಬಡಿದುಕೊಂಡಿತು. ನಮ್ಮವರು. "ಏನಾತು?" ಎಂದರು. "ಆಗಲಿಲ್ರಿ. ಅತ್ತೀಯವರಿಗೆ ಈಗs ಹೇಳಬ್ಯಾಡ್ರಿ," ಎಂದೆ. "ಇಲ್ಲೇ ಬಾಜೂಕ ನಿಂತಾಳ. ಮುಂಜಾನಿಂದ ಏನೂ ತಿಂದಿಲ್ಲ," ಎನ್ನುವಷ್ಟರಲ್ಲಿ ಅತ್ತೆ ಫೋನ್ ಕಸಿದುಕೊಂಡಿದ್ದರು.

"ಹೇಳು," ಎಂದರು.

"ಎರಡ ಅಂಕಕ್ಕ ಹೋತ್ರಿ ಅತ್ತೀ. ಆದ್ರ ನೀವು ಖಂಡೆ ಎತ್ತಿದ್ದಕ್ಕ ಅಲ್ರಿ. ಖರೇನ ಹೇಳತೀನಿ, ಕಡೀಕ ನನ್ನ ಕೈಯs ಹಿಚಕ್ತು, ಕತ್ತರಿ ಹಿಡದಂಗ. ತಪ್ಪು ನಂದ್ರಿ." ಇಷ್ಟು ಹೇಳುವಷ್ಟರಲ್ಲಿ ನನಗೆ ಅಳು ತಡೆಯಲಾಗಲಿಲ್ಲ.

"ಹುಚ್ಚಿ, ಇದಕ್ಯಾಕ ಅಳ್ತಿ?" ಎಂದರು ಅತ್ತೆ. "ಎರಡ ಗುಂಡಿನ ಸಲುವಾಗಿ ಹಗಿ ಸಾಧಿಸಾಕ ದೇವರೇನು ನಮ್ಮ ದಾಯಾದಿ? ಅಂವಗ ಕಣ್ಣ ಅದಾವ, ನನಗಿಂತ ಚೊಲೊ ಅದಾವ. ನಂದೊಂದು ಮಾತ ಕೇಳು. ಹಬ್ಬದ ಹಿಂದಿನ ದಿನಾ ಎಷ್ಟೊತ್ತನಕ ಚಾಟ್ನಿ ಮಾಡಿದಿ?"

"ಹೊತ್ತ ಮುಣಗೂತನಕ್ರಿ."

"ಕಳಿಸಿದಾಕಿ ಯಾರು? ನಾನs ಹೌದಲ್ಲ? ಮುಂದಿನ ವರ್ಷ ಚಾಟ್ನಿಯಾಗ ನೀ ಕತ್ತರಿ ಮುಟ್ಟಿದಿ ಅಂದ್ರ ನೋಡ ಮತ್ತ. ನಿನ್ನ ಬಳ್ಳಿ ಸಾಲು ನಾ ಮಾಡ್ತೀನಿ."

ಮುಂದಿನ ವರ್ಷ ಎಂದದ್ದು ನನ್ನ ಕಿವಿಗೆ ಬಿದ್ದರೂ ನಂಬಿಕೆ ಬರಲಿಲ್ಲ. "ಅತ್ತೀ, ಈ ವರ್ಷ ಆಗಲಿಲ್ಲಂದ್ರ ಅಟ್ಟದ ಮ್ಯಾಲ ಇಡಬೇಕು ಅಂದಿದ್ರಿ..."

"ಅಂದಿದ್ದೆ. ಈಗ ಬ್ಯಾಡ ಅನ್ನಾಕತ್ತೀನಿ. ಮನಿ ಹಿರ್ಯಾಕಿ ನಾನೋ ನೀನೋ? ಏನರ ತಿನ್ನು ಹೋಗು. ನಾನೂ ತಿಂತೀನಿ," ಎಂದು ಫೋನ್ ಇಟ್ಟರು.

ಬೇವಿನ ಗಿಡದ ಕೆಳಗೆ ಕೂತು ಮನಸಾರೆ ಅತ್ತುಬಿಟ್ಟೆ. ಸೋತದ್ದಕ್ಕೆ ಅಲ್ಲ ಎಂದು ಸರ್‌ಗೆ ತಿಳಿಸಿ ಹೇಳುವುದೇ ಒಂದು ಕೆಲಸವಾಯಿತು. ಎಲೆಕ್ಟ್ರಾನಿಕ್ ಪಿಸ್ತೂಲನ್ನೇ ಇಟ್ಟುಕೊಂಡು ಇನ್ನೊಂದನ್ನು ಅವರಿಗೆ ಮರಳಿಸಿದೆ. ಮಿರಜಕ್ಕೆ ಹೊಸದಾಗಿ ಕಲಿಯಲು ಬರುವವರು ಈಗ ನನ್ನನ್ನು ಕೇಳುತ್ತಾರೆ, ಯಾವ ಟ್ರಿಗರ್ ಒಳ್ಳೆಯದು ಅಕ್ಕಾ ಎಂದು. ಎರಡನ್ನೂ ಮನೆಗೆ ಒಯ್ದು ನೋಡಿ ಎನ್ನುತ್ತೇನೆ. ಇಷ್ಟು ದೊಡ್ಡ ಕಥೆಯನ್ನು ಅವರಿಗೆ ಎಲ್ಲಿ ಹೇಳುತ್ತ ಕೂರಲಿ?

ಈಗ ಮತ್ತೆ ಚಾಟ್ನಿ ನಡೆದಿದೆ. ಅತ್ತೆ ಕಣ್ಣಿಗೆ ಔಷಧ ಹಾಕಿಕೊಂಡು, ತಮ್ಮ ಸಾಲು ಮುಗಿಸಿ ನನ್ನ ಸಾಲನ್ನೂ ಮಾಡುತ್ತಿದ್ದಾರೆ. ಬೇಡ ಎಂದು ಎರಡು ಸಲ ಹೇಳಿ ಬೈಸಿಕೊಂಡೆ. ನಿನ್ನೆ ಪಕ್ಕದ ತೋಟದ ಹೆಂಗಸು ಬದುವಿನ ಮೇಲೆ ನಿಂತು, "ಗಂಗವ್ವಾ, ಈ ವಯಸ್ಸಿನಾಗ ನೀ ಎರಡೆರಡು ಸಾಲು ಹಿಡದೀಯಲ್ಲ, ಸೊಸಿ ಎಲ್ಲಿ ಹೋಗ್ಯಾಳ?" ಎಂದು ಕೇಳಿದ್ದು ಮನೆಯೊಳಗೆ ನನಗೆ ಕೇಳಿಸಿತು.

ಅತ್ತೆ ಕತ್ತರಿ ನಿಲ್ಲಿಸದೆಯೇ ಹೇಳಿದರು, "ಮನ್ಯಾಗ ಅದಾಳ. ಆಕಿ ಕೈನ ಈ ಸಲ ಬ್ಯಾರೆ ಕೆಲಸಕ್ಕ ಇಟ್ಟೀವಿ."

ಕಣ್ಣು ತುಂಬಿ ಬಂತು. ಒರೆಸಿಕೊಂಡು, ಗೋಡೆಯ ಚುಕ್ಕೆಗೆ ಎದುರಾಗಿ ನಿಂತು ಪಿಸ್ತೂಲು ಎತ್ತಿದೆ. ಕಣ್ಣಲ್ಲಿ ನೀರಿದ್ದರೆ ಗುರಿ ಕಾಣುವುದಿಲ್ಲ.